ಏಳನೇ ಪ್ರೆಸ್ಸಿನ ಜಾಳಿ

ಕಳೆದ ವರ್ಷ ದಸರೆ ಮುಗಿದ ನಾಲ್ಕನೆಯ ದಿನ, ಸ್ಟುಡಿಯೋದ ಲೈಟ್ ಸ್ಟ್ಯಾಂಡಿನ ಮುರಿದ ಕಾಲಿಗೆ ಬೆಸುಗೆ ಹಾಕಿಸಲು ಪುಣೆ ಹತ್ತಿರದ ಭೋಸರಿಯ ಒಂದು ಲೇಥ್ ವರ್ಕ್‌ಶಾಪಿಗೆ ಹೋಗಿದ್ದೆ. ಖಂಡೇನವಮಿಯ ಆಯುಧಪೂಜೆಯಂದು ಹಾಕಿದ ಚೆಂಡು ಹೂವಿನ ಮಾಲೆ ಲೇಥಿನ ಮೇಲೆ ಇನ್ನೂ ಇತ್ತು. ಹೂವು ಒಣಗಿ, ಮಷಿನ್ನಿನ ಎಣ್ಣೆ ಹೀರಿಕೊಂಡು ಕಂದು ಬಣ್ಣಕ್ಕೆ ತಿರುಗಿತ್ತು. ಆ ವಾಸನೆ ಮೂಗಿಗೆ ತಾಕಿದ್ದೇ ನಾನು ಎದ್ದು ಹೊರಗೆ ರಸ್ತೆಗೆ ಬಂದು ನಿಂತೆ.

"ಕಾಯ್ ಝಾಲಂ ಸಾಹೇಬ್, ಚಕ್ಕರ್ ಆಲೀ ಕಾ?" ಎಂದು ವರ್ಕ್‌ಶಾಪಿನ ಮಾಲೀಕ ಒಳಗಿನಿಂದ ಕೂಗಿದ. ತಲೆಯೇನೂ ಸುತ್ತಿರಲಿಲ್ಲ. ಯಾರೋ ಏನನ್ನೋ ಕೇಳುತ್ತಾರೆ, ನಾನು ಉತ್ತರ ಕೊಡಬೇಕಾಗುತ್ತದೆ ಎಂಬ ಹಳೆಯ ಅಂಜಿಕೆ ಎದ್ದಿತ್ತು, ಅಷ್ಟೆ.

ಒಂದು ವಾಸನೆಯಿಂದ ಇಡೀ ಕಾಲವೇ ಕಣ್ಣ ಮುಂದೆ ಬಂದು ನಿಂತಿತು ಎಂದು ಬರೆಯುವವರನ್ನು ನಾನು ನಂಬುವುದಿಲ್ಲ. ನನಗೆ ಬಂದದ್ದು ಅಂಜಿಕೆ ಮಾತ್ರ. ಉಳಿದದ್ದನ್ನು ಮನೆಗೆ ಬಂದು, ಹಳೆಯ ನೆಗೆಟಿವ್‌ಗಳ ಡಬ್ಬ ತೆಗೆದು, ಒಂದೊಂದಾಗಿ ಜೋಡಿಸಿಕೊಂಡೆ. ಆ ವರ್ಷ ತೊಂಬತ್ತೆಂಟೋ ತೊಂಬತ್ತೊಂಬತ್ತೋ ನನಗೆ ಖಚಿತವಿಲ್ಲ. ಖಾಲಿ ಉಳಿದ ಕವರಿನ ಮೇಲೆ ನನ್ನದೇ ಅಕ್ಷರದಲ್ಲಿ "ದಸರಾ, ಪ್ರೆಸ್ ಶಾಪ್, ರೋಲ್ ಎರಡು" ಎಂದಷ್ಟೇ ಇದೆ. ಇಸವಿ ಬರೆಯದೆ ಬಿಟ್ಟವನು ಇತಿಹಾಸದಲ್ಲಿ ಎಂ.ಎ. ಮಾಡಿದವನು.

ಗುಲಬರ್ಗಾದಲ್ಲಿ ಓದು ಮುಗಿಸಿ ಪುಣೆಗೆ ಬಂದದ್ದು ಪಿಎಚ್.ಡಿ. ಮಾಡಲು. ಎರಡು ವರ್ಷ ಹಳೆಯ ದಾಖಲೆಗಳ ದಫ್ತರಗಳಲ್ಲಿ ಕೂತು, ಮರಾಠಿಯ ಮೋಡಿ ಲಿಪಿಯ ಹಳೆಯ ಕಾಗದಗಳ ಫೋಟೋ ತೆಗೆದುಕೊಂಡೆ. ಪ್ರಬಂಧ ಮುಂದೆ ಹೋಗಲಿಲ್ಲ, ಕ್ಯಾಮೆರಾ ಕೈಯಲ್ಲಿ ಉಳಿಯಿತು. ಭೋಸರಿಯ ಒಂದು ಗಲ್ಲಿಯಲ್ಲಿ, ಕುಂದಾಪುರ ಕಡೆಯ ಶೆಟ್ಟರ ಹೋಟೆಲಿನ ಪಕ್ಕದ ಮಳಿಗೆ ಹಿಡಿದು ಸ್ಟುಡಿಯೋ ಹಾಕಿದೆ. ನಮ್ಮ ಕಡೆಯಿಂದ ಕಾರ್ಖಾನೆಗೂ ಕಟ್ಟಡದ ಕೆಲಸಕ್ಕೂ ಬಂದವರು ಗೇಟ್ ಪಾಸಿಗೆ, ದವಾಖಾನೆಯ ಕಾರ್ಡಿಗೆ, ಊರಿಗೆ ಕಳಿಸಲು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಕನ್ನಡ ಬರುವ ಫೋಟೋದವನು ಎಂದು ಹುಡುಕಿಕೊಂಡು ಬರುತ್ತಿದ್ದರು. ಅದರ ಜೊತೆಗೆ ಕಾರ್ಖಾನೆಗಳ ಸಮಾರಂಭಗಳು: ಮಾರ್ಚಿನಲ್ಲಿ ಸುರಕ್ಷಾ ಸಪ್ತಾಹ, ನಡುನಡುವೆ ರಕ್ತದಾನ ಶಿಬಿರ, ನಿವೃತ್ತರಾದವರಿಗೆ ಶಾಲು, ತೆಂಗಿನಕಾಯಿ, ಗೋಡೆ ಗಡಿಯಾರ ಕೊಟ್ಟು ಬೀಳ್ಕೊಡುವುದು, ದಸರೆಯಲ್ಲಿ ಯಂತ್ರಗಳ ಪೂಜೆ.

ಈ ಕೆಲಸದಲ್ಲಿ ನಾನು ಬೇಗ ಕಂಡುಕೊಂಡ ಒಂದು ಸಂಗತಿಯಿದೆ. ಕಾರ್ಖಾನೆಯ ಸಮಾರಂಭದಲ್ಲಿ ಎಲ್ಲರೂ ಫೋಟೋಗ್ರಾಫರನ ಮಾತು ಕೇಳುತ್ತಾರೆ. ಸ್ವಲ್ಪ ಎಡಕ್ಕೆ ಬನ್ನಿ ಎಂದರೆ ದೊಡ್ಡ ಸಾಹೇಬರೂ ಎಡಕ್ಕೆ ಬರುತ್ತಾರೆ. ಕನ್ನಡಕ ತೆಗೆಯಿರಿ ಎಂದರೆ ತೆಗೆಯುತ್ತಾರೆ. ಯಾಕೆ ಎಂದು ಯಾರೂ ಕೇಳುವುದಿಲ್ಲ. ದಫ್ತರದ ಗುಮಾಸ್ತನೂ ನನ್ನ ಮಾತು ಕೇಳದ ಎರಡು ವರ್ಷ ಕಳೆದು ಬಂದಿದ್ದ ನನಗೆ ಇದು ರುಚಿಸಿತ್ತು ಎಂದು ಒಪ್ಪಿಕೊಳ್ಳಬೇಕು.

ಆ ದಸರೆಯಲ್ಲಿ ನನ್ನನ್ನು ಕರೆದದ್ದು ಸ್ಕೂಟರಿನ ಬಿಡಿಭಾಗ ಮಾಡುವ ಒಂದು ಕಂಪನಿ. ಹೆಸರು ಬೇಡ, ಈಗ ಅದು ಇಲ್ಲ. ಪ್ರೆಸ್ ಶಾಪಿನಲ್ಲಿ ಸಾಲಾಗಿ ಹನ್ನೆರಡು ಪ್ರೆಸ್ಸುಗಳು, ಮನುಷ್ಯನಿಗಿಂತ ಎತ್ತರದವು. ಒಳಗೆ ತಗಡು ಇಟ್ಟು ಪೆಡಲ್ ಒತ್ತಿದರೆ ಮೇಲಿನಿಂದ ಕಬ್ಬಿಣದ ಗುದ್ದು ಬಿದ್ದು ತಗಡು ಆಕಾರ ಪಡೆಯುತ್ತದೆ. ಕೈ ಒಳಗೆ ಹೋಗದಂತೆ ಮುಂದೆ ಹಳದಿ ಬಣ್ಣದ ತಂತಿಯ ಚೌಕಟ್ಟು, ಅದನ್ನೇ ಎಲ್ಲರೂ ಜಾಳಿ ಅನ್ನುತ್ತಿದ್ದರು. ಅಂದು ಯಂತ್ರಗಳೆಲ್ಲ ನಿಂತಿದ್ದವು. ಪ್ರತಿ ಜಾಳಿಗೂ ಚೆಂಡು ಹೂವಿನ ಮಾಲೆ, ಕುಂಕುಮ. ಒಬ್ಬೊಬ್ಬ ಆಪರೇಟರನನ್ನೂ ಅವನವನ ಪ್ರೆಸ್ಸಿನ ಪಕ್ಕ ನಿಲ್ಲಿಸಿ ಫೋಟೋ ತೆಗೆಯುವುದು ಅಲ್ಲಿಯ ಪದ್ಧತಿ. ವರ್ಷವಿಡೀ ಕಂಪನಿಯದಾಗಿದ್ದ ಯಂತ್ರ ಅದೊಂದು ದಿನ ಅವನದು.

ಏಳನೇ ಪ್ರೆಸ್ಸಿನವನು ಶರಣಪ್ಪ. ಸುರಪುರ ಕಡೆಯ ಹಳ್ಳಿಯವನು, ಮೂವತ್ತರೊಳಗಿನ ವಯಸ್ಸು. ಏಳು ತಿಂಗಳು ಕೆಲಸ, ಮೇಲೊಂದು ತಿಂಗಳು ಬ್ರೇಕು, ಹೀಗೆ ಆರು ವರ್ಷದಿಂದ ಟೆಂಪರರಿಯಾಗಿಯೇ ಇದ್ದ. ದೀಪಾವಳಿ ಆದ ಮೇಲೆ ಪರ್ಮನೆಂಟ್ ಮಾಡುತ್ತೇವೆ ಎಂದು ಆ ಸಲ ಮಾತು ಕೊಟ್ಟಿದ್ದರು.

"ಸರ್ರ, ನಂದೊಂದು ಛಲೋ ತಗೀರಿ," ಅಂದ. "ನಮ್ಮ ಮಾವಗ ಕಳಸಬೇಕು. ಅಂವ ನಾ ಪುಣೇದಾಗ ಇಟ್ಟಂಗಿ ಹೊರ್ತೀನಂತ ತಿಳ್ಕೊಂಡಾನ."

"ಮಷೀನ್ ನೋಡಿ ನಿಮ್ಮ ಮಾವ ಅಂಜ್ತಾನ ಬಿಡು," ಎಂದು ಆರನೇ ಪ್ರೆಸ್ಸಿನವನು ನಗಾಡಿದ.

"ಅಂಜಲಿ ಅಂತೇ ಕಳಸಾಕತ್ತೀನಿ."

ಒಂದು ಫೋಟೋ ತೆಗೆದೆ. ಅವನು ಜಾಳಿಯ ಹಿಂದೆ ಬಾಗಿ, ತಗಡು ಇಡುವವನಂತೆ ಕೈ ಚಾಚಿ, ಕೆಲಸ ಮಾಡುವಾಗ ಹೇಗಿರುತ್ತಾನೋ ಹಾಗೆ ನಿಂತಿದ್ದ. ಹಾಗೆಯೇ ಬೇಕೆಂದು ಅವನ ಹಟ. ಫ್ಲ್ಯಾಶಿನ ಬೆಳಕು ಹಳದಿ ತಂತಿಯ ಮೇಲೆ ಬಿದ್ದು ಹೊಳೆಯಿತು, ಮುಖದ ತುಂಬ ಚೌಕದ ನೆರಳು. ಚೆನ್ನಾಗಿ ಬರುವುದಿಲ್ಲವೆಂದು ನನಗೆ ಗೊತ್ತಾಯಿತು. ಆಮೇಲೆ ಯಾರೋ ಏನೋ ಅಂದರು. ಶರಣಪ್ಪ ಪಾನಾ ತಂದು ನಾಲ್ಕು ಬೋಲ್ಟು ಬಿಚ್ಚಿ, ಜಾಳಿಯನ್ನು ಮಾಲೆಯ ಸಮೇತ ಎತ್ತಿ ಗೋಡೆಗೆ ಆನಿಸಿದ. ಇನ್ನೊಂದು ತೆಗೆದೆ. ಮುಖ ಸ್ವಚ್ಛವಾಗಿ ಬಂತು. ಆಲ್ಬಮ್ಮಿಗೆ ಅದನ್ನೇ ಕೊಟ್ಟೆ, ಅವನಿಗೂ ಅದರದೇ ಕಾಪಿ ಕೊಟ್ಟೆ.

ಯಾರು ಏನು ಅಂದರು ಎಂಬುದು ಆ ದಿನ ಯಾರಿಗೂ ಮುಖ್ಯವಾಗಿರಲಿಲ್ಲ. ಪೇಢೆ ಹಂಚುತ್ತಿದ್ದರು.

ದೀಪಾವಳಿ ಕಳೆದು ಚಳಿ ಶುರುವಾಗಿತ್ತು. ಒಂದು ಮಧ್ಯಾಹ್ನ, ಸಿಮೆಂಟಿನ ಧೂಳು ಹತ್ತಿದ ಸೀರೆಯ ಹೆಂಗಸೊಬ್ಬಳು ಸ್ಟುಡಿಯೋದ ಬಾಗಿಲಲ್ಲಿ ನಿಂತಳು.

"ಫೋಟೋ ಅಣ್ಣಾರು ನೀವೇನ್ರಿ?"

"ಹೌದವ್ವಾ. ಒಳಗ ಬಾ."

"ನಾ ಏಳನೇ ನಂಬರ್ ಪ್ರೆಸ್ಸಿನವ್ರ ಮನಿಯಾಕಿ ರೀ. ಮಾದೇವಿ ಅಂತ." ಗಂಡನ ಹೆಸರು ಆಕೆ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. "ಅವ್ರ ಬಲಗೈದು ಮೂರು ಬೆರಳು ಹೋದವು. ಇಪ್ಪತ್ತು ದಿನ ಆತು."

ಕೂರಲು ಸ್ಟೂಲು ಕೊಟ್ಟೆ. ಆಕೆ ಕೂರಲಿಲ್ಲ.

"ಕಂಪನಿಯವ್ರು ಏನಂತಾರ ಗೊತ್ತದೇನ್ರಿ? ಮಾಲು ಜಾಸ್ತಿ ಬರ್ಲಿ ಅಂತ ಇವ್ರೇ ಜಾಳಿ ತಗದಾರಂತ. ತಪ್ಪು ಇವ್ರದೇ ಅಂತ. ಎನ್‌ಕ್ವಾಯರಿ ಮಾಡಿ ತಗದ ಹಾಕ್ತಾರಂತ. ಸಾಕ್ಷಿಗೆ ಏನ್ ತೋರಸ್ತಾರ ಹೇಳ್ರಿ? ನೀವು ತಗದ ಫೋಟೋ. ನೋಡು, ಪೂಜಾದ ದಿನಾನೂ ಜಾಳಿ ಇಲ್ಲ, ಇಂವ ಯಾವಾಗ್ಲೂ ಹಿಂಗೇ ಅಂತ."

ನಾನು ಕೇಳಿದೆ: "ಆವತ್ತು ತಗದ ಜಾಳಿ ಮತ್ತ ಹಾಕಲಿಲ್ಲೇನು?"

"ಯಾರು ಹಾಕ್ತಾರ್ರಿ? ದಸರಾ ಸೂಟಿ ಮುಗಿಸಿ ಹೋದಾಗ ಮಾಲು ಅರ್ಜೆಂಟ್ ಅದ ಅಂತ ಹಂಗೇ ಓಡಿಸ್ಯಾರ. ಬೆರಳು ಹೋದ ದಿನಾನೂ ಜಾಳಿ ಗ್ವಾಡಿಗೇ ಆನಿಸಿತ್ತಂತ. ಒಣಗಿದ ಮಾಲಿ ಅದರ ಮ್ಯಾಲೇ ಇತ್ತಂತ." ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. ಅಳುತ್ತಿರಲಿಲ್ಲ, ಧೂಳು. "ಇವ್ರು ಹೇಳ್ತಾರ, ಫೋಟೋ ಸರ್ ಮಾರಿ ಕಾಣಂಗಿಲ್ಲ ಅಂದ್ರು, ಜಗತಾಪ ಸಾಹೇಬ ತಗೀ ಅಂದ, ನಾ ತಗದೆ ಅಂತ. ಹೌದಲ್ರಿ? ನೀವು ಅಲ್ಲೇ ಇದ್ರಿ."

ಜಗತಾಪ ಆ ಪ್ರೆಸ್ ಶಾಪಿನ ಸುಪರ್‌ವೈಜರ್. ಬಿಳಿ ಅಂಗಿ, ದಪ್ಪ ಮೀಸೆ, ನಿವೃತ್ತಿಗೆ ವರ್ಷವೂ ಇರದಿದ್ದ ಮನುಷ್ಯ.

"ನನಗ ಸರಿ ನೆನಪಿಲ್ಲವ್ವಾ," ಅಂದೆ.

"ಓದಿದವ್ರಿಗೆ ನೆನಪಿರಂಗಿಲ್ಲೇನ್ರಿ?" ಎಂದು ಆಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ನಾ ಒಂದಕ್ಷರ ಓದಿಲ್ಲ. ನನ್ನ ಲಗ್ನದಾಗ ಯಾರು ಯಾವ ಸೀರಿ ಉಟ್ಟಿದ್ರು ಕೇಳ್ರಿ, ಒಂದೊಂದಾಗಿ ಹೇಳ್ತೀನಿ."

ಆಕೆ ಹೋದ ಮೇಲೆ ಶಟರ್ ಅರ್ಧ ಇಳಿಸಿ ನೆಗೆಟಿವ್ ತೆಗೆದು ಬಲ್ಬಿನ ಮುಂದೆ ಹಿಡಿದೆ. ರೋಲನ್ನು ಆರಾರು ಚಿತ್ರದ ಪಟ್ಟಿಗಳಾಗಿ ಕತ್ತರಿಸಿ ಇಡುವುದು ರೂಢಿ. ಹತ್ತೊಂಬತ್ತರಿಂದ ಇಪ್ಪತ್ನಾಲ್ಕರ ಪಟ್ಟಿಯಲ್ಲಿ ಎರಡೂ ಒಂದರ ಪಕ್ಕ ಒಂದು ಇದ್ದವು. ಇಪ್ಪತ್ತೆರಡು, ಜಾಳಿ ಇದೆ. ಇಪ್ಪತ್ಮೂರು, ಜಾಳಿ ಇಲ್ಲ. ಅಂಕಿಗಳು ಫಿಲ್ಮಿನ ಅಂಚಿನಲ್ಲಿ ಅದನ್ನು ಮಾಡುವ ಕಾರ್ಖಾನೆಯಲ್ಲೇ ಅಚ್ಚಾಗಿ ಬರುತ್ತವೆ, ಯಾರೂ ಬದಲಾಯಿಸಲಾರರು. ಅಂದರೆ ನಾನು ಬಂದಾಗ ಜಾಳಿ ಇತ್ತು, ನನ್ನ ಎದುರಿಗೇ ತೆಗೆದರು. ಲೆನ್ಸ್ ಇಟ್ಟು ನೋಡಿದಾಗ ಇಪ್ಪತ್ಮೂರರ ಎಡ ಅಂಚಿನಲ್ಲಿ ಇನ್ನೊಂದು ಕಂಡಿತು: ಅರ್ಧ ತೋಳು, ಮೊಣಕೈಯಿಂದ ಕೆಳಗೆ. ಕೆಲಸಗಾರರ ಅಂಗಿ ನೀಲಿ. ಈ ತೋಳು ನೆಗೆಟಿವ್‌ನಲ್ಲಿ ಕಪ್ಪಾಗಿತ್ತು, ಅಂದರೆ ಬಿಳಿ ಅಂಗಿ.

ತೋಳು ಇತ್ತು, ಸರಿ. ಮಾತು? ಮಾತು ಫಿಲ್ಮಿನ ಮೇಲೆ ಬೀಳುವುದಿಲ್ಲ. ಕಣ್ಣು ಮುಚ್ಚಿ ಕೂತೆ. "ಕಾಢ ರೇ ಜಾಳಿ", ತೆಗೆಯೋ ಜಾಳಿ, ಎಂದು ಜಗತಾಪರ ಒರಟು ಮರಾಠಿ ದನಿ ಕೇಳಿಸಿತು. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ "ಆ ಜಾಳಿ ಸ್ವಲ್ಪ ತಗೀಪಾ" ಎಂದು ನನ್ನದೇ ದನಿ ಕೇಳಿಸಿತು. ಎರಡೂ ಅಷ್ಟೇ ಸ್ಪಷ್ಟ. ಮಾದೇವಿ ಬಂದು ಹೇಳುವ ಮೊದಲು ಜಗತಾಪರ ದನಿ ನನ್ನ ತಲೆಯಲ್ಲಿತ್ತೇ? ಈ ಪ್ರಶ್ನೆಯನ್ನು ನಾನು ಅಂದೇ ಕೇಳಿಕೊಂಡೆನೋ, ಅಥವಾ ಈಗ ಬರೆಯುವಾಗ ಕೇಳಿಕೊಂಡು ಅಂದಿನದೆಂದು ತಿಳಿಯುತ್ತಿದ್ದೇನೋ, ಅದೂ ಗೊತ್ತಿಲ್ಲ. ಒಬ್ಬನೇ ಸಾಕ್ಷಿಯ ಮಾತನ್ನು ನಂಬಬೇಡಿ ಎಂದು ಎಂ.ಎ.ಯಲ್ಲಿ ನಮಗೆ ಎರಡು ವರ್ಷ ಹೇಳಿಕೊಟ್ಟಿದ್ದರು. ಆ ಒಬ್ಬನೇ ಸಾಕ್ಷಿ ನಾವೇ ಆದರೆ ಏನು ಮಾಡಬೇಕೆಂದು ಹೇಳಿಕೊಟ್ಟಿರಲಿಲ್ಲ.

ವಾರದಲ್ಲಿ ಕಂಪನಿಯಿಂದ ಕರೆ ಬಂತು. ನನ್ನ ಹತ್ತಿರ ಫೋನ್ ಇರಲಿಲ್ಲ, ಶೆಟ್ಟರ ಗಲ್ಲಾದ ಫೋನೇ ನನ್ನ ನಂಬರು.

"ಓ ಫೋಟೋದವ್ರೇ, ಬನ್ನಿ ಮಾರಾಯ್ರೆ," ಎಂದು ಶೆಟ್ಟರು ಗೋಡೆ ತಟ್ಟಿದರು. "ನಿಮ್ಮ ಕಂಪನಿಯವ್ರು. ದನಿ ಭಾರಿ ನಯ ಉಂಟು. ಇಷ್ಟು ನಯ ಇದ್ರೆ ಏನೋ ಉಂಟು ಅಂತ ಲೆಕ್ಕ."

ಫೋನಿನಲ್ಲಿದ್ದವರು ಪರ್ಸನೆಲ್ ಆಫೀಸರ್ ಸಾಠೆ. ದಸರೆಯ ಎಲ್ಲ ನೆಗೆಟಿವ್‌ಗಳನ್ನು ತಂದುಕೊಡಬೇಕಂತೆ, ಹೆಡ್ ಆಫೀಸಿನ ಆಲ್ಬಮ್ಮಿಗೆ ಬೇಕಂತೆ. ಅಷ್ಟು ವರ್ಷದಲ್ಲಿ ಯಾವ ಕಂಪನಿಯೂ ನನ್ನ ಹತ್ತಿರ ನೆಗೆಟಿವ್ ಕೇಳಿರಲಿಲ್ಲ.

ಹೋಗುವ ಮುಂಚೆ ಆ ಒಂದು ಪಟ್ಟಿಯನ್ನು ತೆಗೆದು ಮೋಡಿ ಕಾಗದಗಳ ನೆಗೆಟಿವ್ ಕವರಿನೊಳಗೆ ಸೇರಿಸಿದೆ. ಉಳಿದ ಪಟ್ಟಿಗಳನ್ನು ಒಯ್ದು ಸಾಠೆಯವರ ಮೇಜಿನ ಮೇಲಿಟ್ಟೆ. ಅವರು ಚಹಾ ತರಿಸಿದರು. ಪಟ್ಟಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದನ್ನೇ ನೋಡಿದರು.

"ಒಂದು ಪಟ್ಟಿ ಕಡಿಮೆ ಇದೆ," ಎಂದರು ಮರಾಠಿಯಲ್ಲಿ.

"ಲ್ಯಾಬಿನಲ್ಲಿ ಹಾಳಾಯಿತು ಸರ್. ಪ್ರಿಂಟ್ ಆದ ಮೇಲೆ."

"ಅದೊಂದೇ?"

"ಅದೊಂದೇ."

ಸಾಠೆ ನಕ್ಕರು. "ಮಾರ್ಚಿನಲ್ಲಿ ಸುರಕ್ಷಾ ಸಪ್ತಾಹ. ಈ ಸಲ ಏಳೂ ದಿನ ನಿಮ್ಮನ್ನೇ ಕರೆಯಬೇಕೆಂದಿದ್ದೇವೆ. ಸುತ್ತಲಿನ ಕಂಪನಿಗಳಿಗೂ ಹೇಳುತ್ತೇನೆ." ಸ್ವಲ್ಪ ತಡೆದು, "ಆ ಪಟ್ಟಿ ಸಿಕ್ಕರೆ ತಂದುಕೊಡಿ," ಎಂದರು.

ಹೊರಗೆ ಗೇಟಿನ ಹತ್ತಿರ ಶರಣಪ್ಪ ಕೂತಿದ್ದ. ಹಾಜರಿ ಹಾಕಲು ದಿನಾ ಬರಬೇಕಂತೆ, ಒಳಗೆ ಬಿಡುವುದಿಲ್ಲವಂತೆ. ಬಲಗೈಗೆ ಟವೆಲ್ ಸುತ್ತಿಕೊಂಡಿದ್ದ.

"ಏನ್ ಸರ್ರ, ಮತ್ತೊಮ್ಮೆ ಫೋಟೋ ತಗೀತೀರೇನು?" ಎಂದು ನಕ್ಕ. ಅವನೇ ಮುಂದುವರಿಸಿದ: "ನೀವೇನು ಅಂಜಬ್ಯಾಡ್ರಿ. ಕೈ ಒಳಗ ಇಟ್ಟಾಂವ ನಾನು. ನಿಮ್ಮ ಮ್ಯಾಲ ನಾ ಏನೂ ಹಾಕಂಗಿಲ್ಲ. ಜಾಳಿ ಹೇಳಿಸಿಕೊಂಡು ತಗದೆ ಅನ್ನೂದೊಂದು ಗೊತ್ತಾದ್ರ ಸಾಕು. ಕೆಲಸ ಹೋದ್ರ ಈ ಕೈಗೆ ಮತ್ತ ಯಾರು ಕೆಲಸ ಕೊಡ್ತಾರ್ರಿ?"

ಎನ್‌ಕ್ವಾಯರಿ ನಡೆದದ್ದು ಕ್ಯಾಂಟೀನಿನ ಪಕ್ಕದ ಕೋಣೆಯಲ್ಲಿ. ಜನವರಿ ಇರಬೇಕು, ಸ್ವೆಟರ್ ಹಾಕಿಕೊಂಡಿದ್ದದ್ದು ನೆನಪಿದೆ. ವಿಚಾರಣೆ ಮಾಡಲು ಹೊರಗಿನ ವಕೀಲರೊಬ್ಬರು ಬಂದಿದ್ದರು. ಪಕ್ಕದಲ್ಲಿ ಸಾಠೆ. ಎದುರಿಗೆ ಶರಣಪ್ಪ. ಗೋಡೆಯ ಬದಿಯ ಕುರ್ಚಿಯಲ್ಲಿ ಜಗತಾಪ. ಶರಣಪ್ಪನ ಪರವಾಗಿ ಹೇಳುವ ಸಾಕ್ಷಿ ನಾನೊಬ್ಬನೇ. ಆರನೇ ಪ್ರೆಸ್ಸಿನವನಿಗೆ ಆ ದಿನದ್ದು ಏನೂ ನೆನಪಿರಲಿಲ್ಲವಂತೆ. ಅವನೂ ಟೆಂಪರರಿ.

ನಾನು ಜೇಬಿನಿಂದ ಪಟ್ಟಿ ತೆಗೆದು ಮೇಜಿನ ಮೇಲಿಟ್ಟೆ, ದೊಡ್ಡದು ಮಾಡಿಸಿದ ಎರಡು ಪ್ರಿಂಟು ಪಕ್ಕಕ್ಕಿಟ್ಟೆ.

"ಇದು ಹಾಳಾಗಿದೆ ಎಂದು ನೀವೇ ಹೇಳಿದ್ದಿರಲ್ಲ?" ಸಾಠೆಯವರ ದನಿಯಲ್ಲಿ ಈಗಲೂ ಅದೇ ನಯ.

"ಸುಳ್ಳು ಹೇಳಿದ್ದೆ."

ವಕೀಲರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ ಏನೋ ಬರೆದುಕೊಂಡರು. ಪ್ರಿಂಟುಗಳನ್ನು ಅಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದರು. "ಜಾಳಿ ತೆಗೆಯಲು ನೀವು ಹೇಳಿದಿರಾ?"

"ಮುಖ ಕಾಣುವುದಿಲ್ಲ ಎಂದೆ." ಹಾಗೆ ಹೇಳಿದ್ದರ ಬಗ್ಗೆ ನನಗೆ ಸಂದೇಹ ಇರಲಿಲ್ಲ. ಎಷ್ಟೋ ಮುಖಗಳಿಗೆ ದಿನವೂ ಹೇಳುವ ಮಾತು ಅದು.

"ನೀವು ಹೊರಗಿನವರು. ಹೊರಗಿನವರ ಮಾತಿಗೆ ಆಪರೇಟರ್ ಸುರಕ್ಷೆಯ ಜಾಳಿ ಬಿಚ್ಚಬಹುದೇ?"

ಎಲ್ಲವೂ ಅಲ್ಲಿ ಬಂದು ನಿಂತಿತ್ತು. ನನ್ನ ಮಾತಿಗೆ ಬಿಚ್ಚಿದ್ದರೆ ತಪ್ಪು ಶರಣಪ್ಪನದೇ ಉಳಿಯುತ್ತದೆ. ಮೇಲಿನವರು ಹೇಳಿ ಬಿಚ್ಚಿಸಿದ್ದರೆ ಮಾತ್ರ ಅವನು ಉಳಿಯುತ್ತಾನೆ.

"ಈ ತೋಳು ಯಾರದು?" ವಕೀಲರ ಬೆರಳು ಇಪ್ಪತ್ಮೂರರ ಅಂಚಿನ ಮೇಲಿತ್ತು.

"ಜಗತಾಪ ಸಾಹೇಬರದು."

"ಅವರು ಏನಾದರೂ ಹೇಳಿದರಾ? ನಿಮ್ಮ ಕಿವಿಯಿಂದ ಕೇಳಿದ್ದು ಮಾತ್ರ ಹೇಳಿ."

ಶರಣಪ್ಪ ಮೇಜನ್ನು ನೋಡುತ್ತಿದ್ದ. ಟವೆಲ್ ಸುತ್ತಿದ ಕೈಯನ್ನು ಇನ್ನೊಂದು ಕೈ ಒತ್ತಿ ಹಿಡಿದಿತ್ತು. ಜಗತಾಪ ತಿರುಗದೆ ನಿಂತಿದ್ದ ಫ್ಯಾನನ್ನು ನೋಡುತ್ತಿದ್ದರು. ತೋಳು ನಿಜ, ಎರಡು ಚಿತ್ರಗಳ ಕ್ರಮ ನಿಜ, ಇಷ್ಟು ಮಾತ್ರ ಹೇಳಿ ನಿಲ್ಲಿಸಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಬಾಯಿ ತೆರೆದಾಗ ಬಂದದ್ದು ಬೇರೆ.

"'ಕಾಢ ರೇ ಜಾಳಿ' ಅಂದರು."

ಮಾತು ಮಾತ್ರ ಬರಲಿಲ್ಲ, ಅವರ ದನಿಯೂ ಬಂತು. 'ಕಾಢ' ಎಂಬಲ್ಲಿ ಅವರು ಒತ್ತುವ ರೀತಿ, 'ರೇ' ಎಳೆಯುವ ರೀತಿ, ಎಲ್ಲ. ಸಾಠೆಯವರು ಕೂಡ ಒಂದು ಕ್ಷಣ ಜಗತಾಪರತ್ತ ತಿರುಗಿದರು, ಅವರೇ ಮಾತಾಡಿದರೋ ಎಂಬಂತೆ.

"ಜಗತಾಪ, ಇದು ನಿಜವೇ?" ಎಂದು ವಕೀಲರು ಕೇಳಿದರು.

ಜಗತಾಪ ಫ್ಯಾನಿನಿಂದ ಕಣ್ಣು ತೆಗೆದು ನನ್ನನ್ನು ನೋಡಿದರು. ಸಿಟ್ಟು ಇರಲಿಲ್ಲ. ಏನನ್ನೋ ಅಳೆಯುವಂತೆ ನೋಡಿದರು. "ಹೊರಗಿನ ಮನುಷ್ಯ," ಎಂದರು. "ಸುಳ್ಳು ಹೇಳಿ ಅವನಿಗೆ ಏನು ಸಿಗಬೇಕು?"

ಅಷ್ಟೇ. ಇಲ್ಲ ಎನ್ನಲಿಲ್ಲ. ವಕೀಲರು ಬರೆದುಕೊಂಡರು.

ಶರಣಪ್ಪ ಉಳಿದ. ಪ್ರೆಸ್ಸಿನಿಂದ ತೆಗೆದು ಟೂಲ್ ಸ್ಟೋರಿಗೆ ಹಾಕಿದರು. ಪರ್ಮನೆಂಟ್ ಪತ್ರ ಬರಲು ಮತ್ತೂ ಒಂದು ವರ್ಷ ಬೇಕಾಯಿತಂತೆ, ಆದರೆ ಬಂತು. ಸುರಕ್ಷಾ ಸಪ್ತಾಹಕ್ಕೆ ಚಿಂಚವಡದ ಬೇರೆ ಸ್ಟುಡಿಯೋದವರು ಬಂದರು. ಸುತ್ತಲಿನ ಕಂಪನಿಗಳಿಂದಲೂ ನನಗೆ ಕರೆ ನಿಂತಿತು. ಸಾಠೆ ಹೇಳುತ್ತೇನೆ ಎಂದದ್ದನ್ನು ಹೇಳಿದ್ದರು, ಬೇರೆ ರೀತಿಯಲ್ಲಿ. ನಾನು ಮತ್ತೆ ಪಾಸ್‌ಪೋರ್ಟ್ ಸೈಜಿಗೆ ಮರಳಿದೆ. ಶೆಟ್ಟರು ಮಾತ್ರ, "ಬಿಡಿ ಮಾರಾಯ್ರೆ, ಸತ್ಯ ಹೇಳಿದವನಿಗೆ ನಮ್ಮಲ್ಲಿ ಇಡ್ಲಿಗೆ ಚಟ್ನಿ ಎರಡು ಸಲ," ಎಂದು ತಟ್ಟೆ ತಳ್ಳಿದರು. ಆ ಇಡ್ಲಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ.

ಕೆಲಸ ಉಳಿದಾಗ ಮಾದೇವಿಯೂ ಗಂಡನೂ ಪೇಢೆ ತೆಗೆದುಕೊಂಡು ಬಂದಿದ್ದರು. ಆಕೆ ಪೇಢೆಯನ್ನು ನನ್ನ ಅಂಗೈಯಲ್ಲಿಟ್ಟು, "ಅಂತೂ ನೆನಪಾತಲ್ರೀ ಅಣ್ಣಾರ," ಅಂದಳು. ಆಕೆ ಹೊಗಳಿದಳೋ ಚುಚ್ಚಿದಳೋ ತಿಳಿಯಲಿಲ್ಲ. ಹೋಗುವಾಗ ಶರಣಪ್ಪ ಎಡಗೈಯಿಂದ ನಮಸ್ಕಾರ ಮಾಡಲು ಹೋಗಿ, ಸರಿಯಲ್ಲವೆಂದು ಅನಿಸಿ, ಎರಡೂ ಕೈ ಜೋಡಿಸಿದ. ಟವೆಲ್ ಇರಲಿಲ್ಲ. ಮೊದಲ ಸಲ ಆ ಕೈ ನೋಡಿದೆ.

ಜಗತಾಪರನ್ನು ಎನ್‌ಕ್ವಾಯರಿ ಆದ ತಿಂಗಳೇ ಮನೆಗೆ ಕಳಿಸಿದರು ಎಂದು ಶರಣಪ್ಪನೇ ಹೇಳಿದ. ಇನ್ನು ಏಳೆಂಟು ತಿಂಗಳಿದ್ದವು. ರಾಜೀನಾಮೆ ಬರೆಸಿಕೊಂಡರಂತೆ. ಶಾಲಿಲ್ಲ, ಭಾಷಣವಿಲ್ಲ. ಜಾಳಿ ಇಲ್ಲದೆ ಯಂತ್ರ ಓಡಿಸಿ ಮಾಲು ಕೊಡಬೇಕೆಂದು ಮೇಲಿನಿಂದ ಒತ್ತಿದವರು ಯಾರೆಂದು ಆ ಕೋಣೆಯಲ್ಲಿ ಯಾರೂ ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ, ನನ್ನನ್ನು ಕೇಳಿರಲಿಲ್ಲ.

ಏಪ್ರಿಲ್ಲಿನ ಒಂದು ಬೆಳಿಗ್ಗೆ, ಬಿಸಿಲು ಆಗಲೇ ಶಟರನ್ನು ಕಾಯಿಸಿತ್ತು, ಜಗತಾಪ ಸ್ಟುಡಿಯೋಕ್ಕೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಬೈಯಲು ಬಂದಿದ್ದಾರೆಂದು ನಾನು ಎದ್ದು ನಿಂತೆ. ಅವರು ಮಾತಾಡದೆ ಹೋಗಿ ಪರದೆಯ ಮುಂದಿನ ಸ್ಟೂಲಿನ ಮೇಲೆ ಕೂತರು.

"ಬೀಳ್ಕೊಡುಗೆ ಅಂತೂ ಆಗಲಿಲ್ಲ," ಎಂದರು ಮರಾಠಿಯಲ್ಲಿ. "ಫೋಟೋ ಆದರೂ ಇರಲಿ ಅಂತ ಮಗಳು ಹಟ ಹಿಡಿದಿದ್ದಾಳೆ. ದೊಡ್ಡದು ತೆಗಿ, ಗೋಡೆಗೆ ಹಾಕೋದು."

ಈ ಗಲ್ಲಿಯಲ್ಲಿ ಇನ್ನೂ ಎರಡು ಸ್ಟುಡಿಯೋ ಇದ್ದವು. ನಾನು ಲೈಟ್ ಹಾಕಿದೆ. ಗದ್ದ ಸ್ವಲ್ಪ ಎತ್ತಿ ಎಂದೆ, ಎತ್ತಿದರು. ಭುಜ ಈ ಕಡೆ ಎಂದೆ, ತಿರುಗಿದರು. ಕ್ಯಾಮೆರಾದ ಹಿಂದೆ ನಿಂತಾಗ ನನ್ನ ಮುಖ ಅವರಿಗೆ ಕಾಣುವುದಿಲ್ಲ ಎಂಬುದಷ್ಟೇ ನನಗಿದ್ದ ಸಮಾಧಾನ.

"ಒಂದು ಕೇಳ್ತೀನಿ," ಎಂದರು ಅಲ್ಲಾಡದೆ. "ಅವತ್ತು ಪೂಜೆಯ ದಿನ ನಾನು ಹಾಗೆ ಅಂದದ್ದು ನಿನಗೆ ನಿಜವಾಗಿ ಕೇಳಿಸಿತ್ತಾ?"

ಫೋಕಸ್ ರಿಂಗಿನ ಮೇಲೆ ನನ್ನ ಬೆರಳು ನಿಂತಿತು. ಹೌದು ಎಂದರೆ ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು.

"ಗೊತ್ತಿಲ್ಲ," ಅಂದೆ.

ಅವರು ಸಣ್ಣಗೆ ತಲೆಯಾಡಿಸಿದರು. "ನನಗೂ ಗೊತ್ತಿಲ್ಲ ನೋಡು. ಎಷ್ಟು ಯೋಚಿಸಿದರೂ ಸಿಗ್ತಾ ಇಲ್ಲ. ಬೇರೆ ದಿನ ಹೇಳಿದ್ದು ಗೊತ್ತು. ಮಾಲು ಹೋಗಬೇಕಾದಾಗೆಲ್ಲ ಹೇಳ್ತಿದ್ದೆ, ತೆಗೀರಿ ಜಾಳಿ, ಓಡಿಸಿ ಅಂತ. ಮೇ‌ಲಿನಿಂದ ಫೋನ್ ಬರ್ತಿತ್ತು, ನಾನು ಕೆಳಗೆ ಹೇಳ್ತಿದ್ದೆ. ಸೂಟಿ ಮುಗಿದ ದಿನ ಹಾಗೇ ಓಡಿಸು ಅಂತ ಅವನಿಗೆ ಹೇಳಿದವನೂ ನಾನೇ. ಪೂಜೆಯ ದಿನದ್ದು ಮಾತ್ರ ಇಲ್ಲ." ಮೀಸೆಯ ಮೇಲಿನ ಬೆವರು ಒರೆಸಿಕೊಂಡರು. "ಅದಕ್ಕೇ ಅಲ್ಲಿ ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಆದರೆ ನೀನು ಕಿವಿಯಾರೆ ಕೇಳಿದೆ ಅಂದೆಯಲ್ಲ, ಅದು ಬೇರೆ."

"ಹೌದು," ಅಂದೆ. ಬೇರೆ ಎಂಬುದನ್ನಷ್ಟೇ ಒಪ್ಪಿದೆ. ಶರಣಪ್ಪನ ಕೈ ಎಂದು ಬಾಯಿಗೆ ಬಂದಿತ್ತು, ನುಂಗಿದೆ. ಆ ಕೈಯ ವಿಷಯವನ್ನು ನನ್ನಿಂದ ಕೇಳಿ ತಿಳಿಯಬೇಕಾದ ಮನುಷ್ಯ ಅಲ್ಲ ಅವರು. ಪ್ರೆಸ್ಸಿನಿಂದ ಅದನ್ನು ಬಿಡಿಸಿ, ಬಟ್ಟೆ ಸುತ್ತಿ, ಗಾಡಿಯಲ್ಲಿ ಕೂರಿಸಿಕೊಂಡು ದವಾಖಾನೆಗೆ ಒಯ್ದವರು ಅವರೇ ಎಂದು ಶರಣಪ್ಪ ಹೇಳಿದ್ದ.

"ನನ್ನ ದನಿ ಮಾತ್ರ ಚೆನ್ನಾಗಿ ಮಾಡಿದೆ," ಎಂದು ಅವರು ಇದ್ದಕ್ಕಿದ್ದಂತೆ ನಕ್ಕರು. "ಮನೆಯಲ್ಲಿ ಹೇಳಿದೆ. ಹೆಂಡತಿಗೆ ನಗು ತಡೆಯಲಿಲ್ಲ." ನಗು ಮುಗಿಯುವ ಮೊದಲೇ ಮುಖ ಗಟ್ಟಿಯಾಯಿತು. "ಹುಡುಗ ಹೇಗಿದ್ದಾನೆ?"

"ಟೂಲ್ ಸ್ಟೋರಿನಲ್ಲಿದ್ದಾನೆ. ಎಡಗೈಲಿ ಬರೆಯೋದು ಕಲಿತಿದ್ದಾನೆ."

"ಬರೀತಾನಾ," ಎಂದರು. ಬೆನ್ನು ನೆಟ್ಟಗೆ ಮಾಡಿದರು, ಕಾಲರ್ ಸರಿಮಾಡಿಕೊಂಡರು, ಮತ್ತೆ ಏನೋ ಹೇಳಲು ಹೊರಟು ಬಾಯಿ ತೆರೆದರು. "ನೀನು ಅವತ್ತು ಗೊತ್ತಿಲ್ಲ ಅಂದಿದ್ದರೆ ಅವನು..."

ನಾನು ಬಟನ್ ಒತ್ತಿದೆ. ಬೇಕೆಂದು ಒತ್ತಿದೆನೋ, ಬೆರಳು ತಾನಾಗಿ ಇಳಿಯಿತೋ ಹೇಳಲಾರೆ. ಫ್ಲ್ಯಾಶ್ ಬೆಳಗಿ ಆರಿತು. ಅವರು ವಾಕ್ಯ ಮುಗಿಸಲಿಲ್ಲ. ಸ್ಟೂಲಿನಿಂದ ಎದ್ದು, "ಆಯ್ತು," ಎಂದು ಬಿಸಿಲಿಗೆ ಹೋದರು.

ಪ್ರಿಂಟ್ ಒಯ್ಯಲು ಅವರ ಮಗಳು ಬಂದಳು. ಕಾಲೇಜಿಗೆ ಹೋಗುವ ಹುಡುಗಿ, ಅಪ್ಪನದೇ ಹುಬ್ಬು. ಕಟ್ಟು ಹಾಕಿದ ಫೋಟೋವನ್ನು ಕೈಚಾಚಿ ದೂರ ಹಿಡಿದು ನೋಡಿದಳು, ಹತ್ತಿರ ತಂದು ನೋಡಿದಳು.

"ಬಾಬಾ ಏನೋ ಹೇಳ್ತಾ ಇದ್ದ ಹಾಗಿದೆ ಇದರಲ್ಲಿ," ಅಂದಳು. "ಏನು ಹೇಳ್ತಿದ್ರು ಅಂಕಲ್?"

ನನಗೆ ನೆನಪಿಲ್ಲ ಎಂದೆ.